‘ಫುಡ್ ಗ್ರೇಡ್’ ಅಂದ್ರೆ ಎಂತದ್ದು ಮಾರಾಯ್ರೆ?

ಹೋದ ತಿಂಗಳು ಊರಿಗೆ ಹೋಗಿದ್ದೆ. ಮೂಡುಬಿದಿರೆಯಲ್ಲಿ ಅಕ್ಕನ ಮನೆಗೆ ಹೋಗುವ ಮೊದಲು ಹೊಟ್ಟೆ ತಾಳಹಾಕುತ್ತಿತ್ತು ಅಂತ ದಾರಿಯಲ್ಲೊಂದು ಹೋಟೆಲಿಗೆ ನುಗ್ಗಿದೆ. ಬೆಳಗ್ಗೆ ಎಂಟೂವರೆಯ ರಶ್ಶು. ಕೌಂಟರಿನ ಪಕ್ಕ ಒಬ್ಬ ಹುಡುಗ ಕೊತಕೊತ ಕುದಿಯುತ್ತಿದ್ದ ಸಾಂಬಾರನ್ನು ಸೌಟಿನಲ್ಲಿ ಎತ್ತಿ ತೆಳ್ಳಗಿನ ಪ್ಲಾಸ್ಟಿಕ್ ಕವರಿಗೆ ಸುರಿಯುತ್ತಿದ್ದ. ಕವರು ಉಬ್ಬಿ, ಮೆತ್ತಗಾಗಿ, ಇನ್ನೇನು ಕರಗಿ ಕೈಗೆ ಬರ್ತದೋ ಅನ್ನುವಷ್ಟರಲ್ಲಿ ನೂಲು ಸುತ್ತಿ ಟಪ್ ಅಂತ ಗಂಟು! ಆಮೇಲೆ ಚಟ್ನಿ. ಆಮೇಲೆ ಚಾ, ಅದೂ ಕವರಿನಲ್ಲೇ. ಯಾವುದೋ ಕಟ್ಟಡದ ಕೆಲಸದವರು ಹತ್ತು ಚಾ ಒಂದೇ ಕವರಿನಲ್ಲಿ ಕಟ್ಟಿಸಿಕೊಂಡು, ಜೊತೆಗೆ ಪೇಪರ್ ಕಪ್ಪುಗಳ ಗೋಪುರ ಹಿಡಿದುಕೊಂಡು ಹೋದರು.

ನನಗೆ ಸುಮ್ಮನಿರುವುದಕ್ಕೆ ಬರುವುದಿಲ್ಲ. "ಅಣ್ಣಾ, ಇಷ್ಟು ಬಿಸಿ ಇದ್ದದ್ದನ್ನು ಪ್ಲಾಸ್ಟಿಕ್ಕಿಗೆ ಹಾಕಿದ್ರೆ ಏನೂ ಆಗುದಿಲ್ವಾ?" ಅಂತ ಕೇಳಿದೆ. ಯಜಮಾನರು ಚಿಲ್ಲರೆ ಎಣಿಸುತ್ತಾ ತಲೆ ಎತ್ತದೇ ಹೇಳಿದರು: "ಇದು ಫುಡ್ ಗ್ರೇಡ್. ಎಂತ ಆಗುದಿಲ್ಲ."

ಎಂತ ಆಗುದಿಲ್ಲ! ನಮ್ಮ ಊರಿನ ಇಡೀ ಆಹಾರ ಸುರಕ್ಷತಾ ವಿಜ್ಞಾನ ಈ ಎರಡು ಪದಗಳಲ್ಲಿ ಮುಗಿಯುತ್ತದೆ. ಬೆಂಗಳೂರಿನಲ್ಲಿ ನನ್ನ ಟೀಮಿನ ಹೊಸ ಹುಡುಗರು "ನನ್ನ ಲ್ಯಾಪ್‌ಟಾಪಿನಲ್ಲಿ ಓಡ್ತಾ ಉಂಟು ಸರ್" ಅನ್ನುತ್ತಾರಲ್ಲ, ಅದೇ ಧಾಟಿ. ಎಲ್ಲಿ ಓಡಿತು, ಯಾವ ಇನ್‌ಪುಟ್ ಕೊಟ್ಟಾಗ ಓಡಿತು, ಎಷ್ಟು ಲೋಡ್ ಇದ್ದಾಗ ಓಡಿತು - ಇದನ್ನು ಕೇಳಿದರೆ ಮುಖ ಸಪ್ಪೆಯಾಗುತ್ತದೆ. ಈ ಬರಹ ಆ ‘ಫುಡ್ ಗ್ರೇಡ್’ ಅನ್ನುವ ಶಬ್ದದ ಮೇಲೆ ಜಗಳಕ್ಕೆ. ಹೋಟೆಲಿನವರ ಮೇಲೆ ಮಾತ್ರ ಅಲ್ಲ, ‘ನ್ಯಾಚುರಲ್’ ಅಂದ ಕೂಡಲೇ ಕೈಮುಗಿಯುವ ನಮ್ಮಂಥವರ ಮೇಲೂ. ಅದು ಆಮೇಲೆ ಹೇಳ್ತೇನೆ, ಅಲ್ಲಿ ನಮ್ಮ ಮನೆಯದ್ದೇ ಕಥೆ ಉಂಟು.

ಮೊದಲು ಇಡ್ಲಿ ಗಲಾಟೆ. 2025ರ ಫೆಬ್ರವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ರಾಜ್ಯದಲ್ಲಿ 251 ಕಡೆ ಪರಿಶೀಲನೆ ಮಾಡಿದಾಗ 52 ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದದ್ದು ಕಂಡುಬಂತು ಅಂತ ಹೇಳಿದರು. ಹೋಟೆಲುಗಳಲ್ಲಿ ಅದನ್ನು ನಿಷೇಧಿಸುವುದಾಗಿಯೂ ಹೇಳಿದರು. ನಿಷೇಧಿಸಿದ್ದು ಒಳ್ಳೆಯದೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಬಟ್ಟೆ ಪ್ರತಿ ಸಲ ಒಗೆಯಬೇಕು, ಒಣಗಿಸಬೇಕು, ಇಡ್ಲಿ ಅಂಟಿಕೊಳ್ಳುತ್ತದೆ, ಅದಕ್ಕೊಬ್ಬ ಆಳು ಬೇಕು. ಪ್ಲಾಸ್ಟಿಕ್ಕಾದರೆ ಎಳೆದು ಬಿಸಾಡಿದರೆ ಆಯಿತು. ಕಾರಣ ಇಷ್ಟೇ, ಸಂಬಳ ಉಳಿತಾಯ.

ಆದರೆ ಆಮೇಲೆ ವಾಟ್ಸಾಪಿನಲ್ಲಿ ಹರಿದ ಹೊಳೆ ನೋಡಬೇಕಿತ್ತು ನೀವು. "ಇಡ್ಲಿಯಲ್ಲಿ ಡಯಾಕ್ಸಿನ್!" "ಬಿಪಿಎ ಇಳಿಯುತ್ತದೆ!" ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮೂರು ಜನ ಮೂರು ಸಲ ಅದನ್ನೇ ಫಾರ್ವರ್ಡ್ ಮಾಡಿದರು. ಅಲ್ಲ ಸ್ವಾಮೀ, ಡಯಾಕ್ಸಿನ್ ಹುಟ್ಟಬೇಕಾದರೆ ಕ್ಲೋರಿನ್ ಬೇಕು, ಬೆಂಕಿಯ ತಾಪ ಬೇಕು. ಹಿತ್ತಲಲ್ಲಿ ಕಸದ ಜೊತೆ ಪಿವಿಸಿ ಸುಟ್ಟರೆ ಬರುತ್ತದೆ, 100 ಡಿಗ್ರಿಯ ಹಬೆಯಲ್ಲಿ ಪಾಲಿಥೀನ್ ಇಟ್ಟರೆ ಬರುವುದಿಲ್ಲ. ಬಿಪಿಎ ಇರುವುದು ಪಾಲಿಕಾರ್ಬೊನೇಟ್ ಮತ್ತು ಡಬ್ಬಿಗಳ ಒಳಗೆ ಬಳಿಯುವ ಎಪಾಕ್ಸಿಯಲ್ಲಿ. ಪಾಲಿಥೀನ್ ಮಾಡುವುದಕ್ಕೆ ಅದು ಬೇಕಾಗಿಯೇ ಇಲ್ಲ.

ಹಾಗಾದರೆ ಪಾಲಿಥೀನಿನಿಂದ ಏನೂ ಇಳಿಯುವುದಿಲ್ಲವಾ? ಇಳಿಯುತ್ತದೆ. ಪ್ಲಾಸ್ಟಿಕ್ ಹಾಳಾಗದೇ ಇರಲಿ ಅಂತ ಸೇರಿಸುವ ಆಂಟಿ ಆಕ್ಸಿಡೆಂಟುಗಳು, ಅವು ಒಡೆದು ಹುಟ್ಟುವ ತುಣುಕುಗಳು, ಕವರುಗಳು ಒಂದಕ್ಕೊಂದು ಅಂಟದಿರಲಿ ಅಂತ ಹಾಕುವ ಜಾರುವ ಪದಾರ್ಥ, ಪೂರ್ತಿ ಉದ್ದಕ್ಕೆ ಬೆಳೆಯದೇ ಉಳಿದ ಪಾಲಿಮರ್ ಚೂರುಗಳು. ಬಣ್ಣದ ಕವರಾದರೆ ಬಣ್ಣ. ಯಾವುದೋ ಗುಜರಿಯಿಂದ ಬಂದು ಕರಗಿ ಮತ್ತೆ ಕವರಾದದ್ದಾದರೆ ಅದರ ಹಿಂದಿನ ಜನ್ಮದಲ್ಲಿ ಏನೇನು ತುಂಬಿಸಿದ್ದರೋ ಅದೆಲ್ಲ. ಇವುಗಳಲ್ಲಿ ಕೆಲವನ್ನು ತಯಾರಕ ಬೇಕೆಂದೇ ಹಾಕಿದ್ದಾನೆ, ಕೆಲವು ಅವನಿಗೂ ಗೊತ್ತಿಲ್ಲದೇ ಹುಟ್ಟಿದ್ದು. ತಜ್ಞರು ಈ ಎರಡನೇ ಗುಂಪಿಗೇ ಜಾಸ್ತಿ ತಲೆ ಕೆಡಿಸಿಕೊಳ್ಳುವುದು, ಯಾಕೆಂದರೆ ಪಟ್ಟಿಯಲ್ಲಿ ಇಲ್ಲದ್ದನ್ನು ಹುಡುಕುವುದು ಕಷ್ಟ. ನಮ್ಮ ವಾಟ್ಸಾಪ್ ಪಂಡಿತರು ಮಾತ್ರ ಇಲ್ಲದ ಡಯಾಕ್ಸಿನ್ನಿಗೆ ಹೆದರಿ, ಇರುವುದನ್ನು ಬಿಟ್ಟುಬಿಟ್ಟರು. ಮತ್ತೆ, ಆಗ ಪೇಪರಿನಲ್ಲಿ ನಾನು ಓದಿದ್ದೆಲ್ಲ ಎಷ್ಟು ಹೋಟೆಲಿನಲ್ಲಿ ಪ್ಲಾಸ್ಟಿಕ್ ಸಿಕ್ಕಿತು ಅನ್ನುವ ಲೆಕ್ಕ. ಒಂದು ಇಡ್ಲಿಗೆ ಏನು, ಎಷ್ಟು ಮೈಕ್ರೋಗ್ರಾಂ ಇಳಿದಿತ್ತು ಅನ್ನುವ ಲೆಕ್ಕ ಕೇಳಿದವರು ಎಷ್ಟು ಜನ?

ಈಗ ‘ಫುಡ್ ಗ್ರೇಡ್’ಗೆ ಬರುವ. ನಮ್ಮ ದೇಶದಲ್ಲಿ ಇದಕ್ಕೊಂದು ಕಾನೂನು ಉಂಟು - ಎಫ್‌ಎಸ್‌ಎಸ್‌ಎಐಯ ಪ್ಯಾಕೇಜಿಂಗ್ ನಿಯಮಗಳು, 2018. ಅದರ ಪ್ರಕಾರ ಆಹಾರಕ್ಕೆ ತಾಗುವ ಪ್ಲಾಸ್ಟಿಕ್ಕಿನಿಂದ ಒಟ್ಟು ಇಳಿಯುವ ಪದಾರ್ಥ ಒಂದು ಕೆ.ಜಿ. ಆಹಾರಕ್ಕೆ 60 ಮಿಲಿಗ್ರಾಂ, ಅಥವಾ ಪ್ಲಾಸ್ಟಿಕ್ಕಿನ ಒಂದು ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಮೀರಬಾರದು. ಕಣ್ಣಿಗೆ ಕಾಣುವ ಬಣ್ಣ ಬಿಡಬಾರದು. ಪರೀಕ್ಷೆ ಹೇಗೆ ಅಂತ ಐಎಸ್ 9845 ಅನ್ನುವ ಮಾನದಂಡ ಹೇಳುತ್ತದೆ. ಅಲ್ಲಿ ಸಾಂಬಾರು, ಚಾ ಹಾಕಿ ನೋಡುವುದಿಲ್ಲ. ಆಹಾರದ ಬದಲಿಗೆ ನಕಲಿ ಆಹಾರ: ಭಟ್ಟಿ ಇಳಿಸಿದ ನೀರು, ಹುಳಿಗೆ 3 ಶೇಕಡಾ ಅಸಿಟಿಕ್ ಆಸಿಡ್, 10 ಮತ್ತು 50 ಶೇಕಡಾ ಆಲ್ಕೊಹಾಲ್, ಜಿಡ್ಡಿಗೆ ಹೆಪ್ಟೇನ್. ಬಳಕೆ ಹೇಗೋ ಹಾಗೆ ಉಷ್ಣತೆ ಮತ್ತು ಸಮಯ - 40 ಡಿಗ್ರಿಯಲ್ಲಿ 10 ದಿನ, 70 ಡಿಗ್ರಿಯಲ್ಲಿ 2 ಗಂಟೆ, ಹೀಗೆ. ಆಮೇಲೆ ದ್ರವವನ್ನು ಆವಿ ಮಾಡಿ ಉಳಿದದ್ದನ್ನು ತೂಗುತ್ತಾರೆ.

ಅಂದರೆ ‘ಫುಡ್ ಗ್ರೇಡ್’ ಅನ್ನುವುದು ಕವರಿನ ಗುಣ ಅಲ್ಲ! ಅದು ಒಂದು ಪರೀಕ್ಷೆಯ ಫಲಿತಾಂಶ. ಇಂಥಾ ದ್ರವ, ಇಷ್ಟು ಬಿಸಿ, ಇಷ್ಟು ಹೊತ್ತು ಇದ್ದಾಗ ಪಾಸು ಅಂತ. 40 ಡಿಗ್ರಿಯಲ್ಲಿ ಪಾಸಾದ ಕವರಿಗೆ 95 ಡಿಗ್ರಿಯ ಸಾಂಬಾರು ಸುರಿದರೆ ಆ ಸರ್ಟಿಫಿಕೇಟು ಆ ಕ್ಷಣವೇ ರದ್ದಿ ಕಾಗದ. ಸಾದಾ ಎಲ್‌ಡಿಪಿಇ 105-115 ಡಿಗ್ರಿಗೆಲ್ಲ ಕರಗುವ ಜಾತಿಯದ್ದು. ಕರಗುವ ಹತ್ತಿರ ಬಂದ ಪ್ಲಾಸ್ಟಿಕ್ಕಿನೊಳಗೆ ಅಣುಗಳು ಜೋರಾಗಿ ಓಡಾಡುತ್ತವೆ, ಹೊರಗೆ ಬರುವ ವೇಗ ಉಷ್ಣತೆಯ ಜೊತೆ ಏಣಿ ಹತ್ತುವುದಲ್ಲ, ಹಾರುತ್ತದೆ. ಇನ್ನು ನಮ್ಮ ಅಡಿಗೆ ನೋಡಿ. ಕೋರಿ ಗಸಿಯಲ್ಲಿ ತೆಂಗಿನ ಹಾಲು, ಎಣ್ಣೆ, ಹುಣಸೆಹುಳಿ, ಉಪ್ಪು ಎಲ್ಲ ಒಟ್ಟಿಗೆ, ಕುದಿಯುತ್ತಾ. ಮಾನದಂಡದಲ್ಲಿ ಹುಳಿ ಬೇರೆ, ಜಿಡ್ಡು ಬೇರೆ. ನಮ್ಮ ಕವರಿನಲ್ಲಿ ಎರಡೂ ಸಮಾ ಬೆರೆತದ್ದು.

ಇಷ್ಟಕ್ಕೇ ಬಿಡುವುದಿಲ್ಲ, ಒಂದು ಸಣ್ಣ ಲೆಕ್ಕ ಉಂಟು. (ಲೆಕ್ಕ ಬೇಡದವರು ಮುಂದಿನ ಪ್ಯಾರಾಕ್ಕೆ ಹಾರಬಹುದು, ಬೇಜಾರಿಲ್ಲ.) 60 ಮಿಲಿಗ್ರಾಂ ಅನ್ನುವ ಸಂಖ್ಯೆ ಎಲ್ಲಿಂದ ಬಂತು? ಯುರೋಪಿನವರ ಒಂದು ಊಹೆ - 60 ಕೆ.ಜಿ. ತೂಕದ ಮನುಷ್ಯ ದಿನಕ್ಕೆ 1 ಕೆ.ಜಿ. ಪ್ಯಾಕೇಜಿನ ಆಹಾರ ತಿನ್ನುತ್ತಾನೆ, ಆ 1 ಕೆ.ಜಿ. ಆಹಾರ ಒಂದು ಚೌಕ ಡಬ್ಬಿಯಲ್ಲಿರುತ್ತದೆ. ಡಬ್ಬಿಗೆ 6 ಮುಖ, ಒಂದೊಂದು 1 ಚದರ ಡೆಸಿಮೀಟರ್. 6 ಸಲ 10, ಅರವತ್ತು. ಸರಿ. ಈಗ ನಮ್ಮ ಸಾಂಬಾರಿನ ಕವರು: 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, ಎರಡು ಬದಿ ಸೇರಿ 6 ಚದರ ಡೆಸಿಮೀಟರ್. ಒಳಗೆ ಅರ್ಧ ಲೀಟರ್ ಸಾಂಬಾರು. ಅಂದರೆ ಕೆ.ಜಿ. ಲೆಕ್ಕದಲ್ಲಿ ಊಹೆಯ ಎರಡು ಪಟ್ಟು ಪ್ಲಾಸ್ಟಿಕ್. ಚಟ್ನಿಯ ಪುಟ್ಟ ಕವರು 8 ಸೆಂ.ಮೀ.ಗೆ 10 ಸೆಂ.ಮೀ., ಒಳಗೆ 50 ಗ್ರಾಂ ಚಟ್ನಿ - ಐದು ಪಟ್ಟಿಗಿಂತ ಜಾಸ್ತಿ. ಇನ್ನೊಂದು ತಮಾಷೆ ನೋಡಿ. 30 ಮೈಕ್ರಾನಿನ ಆ ಸಾಂಬಾರು ಕವರಿನ ಒಟ್ಟು ತೂಕವೇ ಸುಮಾರು 1.7 ಗ್ರಾಂ. ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಅಂದರೆ ಇಡೀ ಕವರಿನಿಂದ 60 ಮಿಲಿಗ್ರಾಂ ಕಳಚಿ ಸಾಂಬಾರಿಗೆ ಬಿದ್ದರೂ ಪಾಸು. ಕವರಿನ ಮೈಯ ಮೂರೂವರೆ ಶೇಕಡಾ! ಅಷ್ಟು ಇಳಿಯುವ ಕವರು ಮಾಡುವುದಕ್ಕೆ ಪ್ರತ್ಯೇಕ ಪ್ರತಿಭೆ ಬೇಕು. ಸೋಲುವುದೇ ಕಷ್ಟವಾದ ಪರೀಕ್ಷೆಯಲ್ಲಿ ಪಾಸಾದದ್ದನ್ನು ಬೋರ್ಡ್ ಹಾಕಿ ಹೇಳಿಕೊಳ್ಳುತ್ತಿದ್ದಾರೆ ಅಷ್ಟೆ.

ಮುಖ್ಯ ಮಾತೆಂದರೆ ಒಟ್ಟು ತೂಕ ವಿಷದ ಅಳತೆಯೇ ಅಲ್ಲ. 59 ಮಿಲಿಗ್ರಾಂ ಮೇಣ ಇಳಿದರೆ ಹೊಟ್ಟೆಗೆ ಏನೂ ಆಗದಿರಬಹುದು, ಒಂದು ಮೈಕ್ರೋಗ್ರಾಂ ಬೇರೆ ಯಾವುದೋ ಇಳಿದರೆ ಆಗಬಹುದು. ಅದಕ್ಕೇ ಒಂದೊಂದು ಪದಾರ್ಥಕ್ಕೆ ಬೇರೆ ಬೇರೆ ಮಿತಿ ಇರುವುದು. ನಮ್ಮ ನಿಯಮದಲ್ಲೂ ಬೇರಿಯಂ 1 ಮಿಲಿಗ್ರಾಂ, ತಾಮ್ರ 5, ಸತು 25, ಹೀಗೆ ಕೆಲವು ಲೋಹಗಳ ಪಟ್ಟಿ ಉಂಟು. ಯುರೋಪಿನಲ್ಲಿ ಹೊಸ ಪದಾರ್ಥವೊಂದಕ್ಕೆ ಅನುಮತಿ ಬೇಕಾದರೆ ಎಷ್ಟು ಇಳಿಯುತ್ತದೋ ಅಷ್ಟು ಪರೀಕ್ಷೆ ಜಾಸ್ತಿ: ಕೆ.ಜಿ.ಗೆ 0.05 ಮಿಲಿಗ್ರಾಮಿಗಿಂತ ಕಡಿಮೆಯಾದರೆ ಅದು ಡಿಎನ್‌ಎಗೆ ಹಾನಿ ಮಾಡುತ್ತದಾ ಅಂತ ನೋಡಿದರೆ ಸಾಕು, 5 ಮಿಲಿಗ್ರಾಂವರೆಗಾದರೆ ಪ್ರಾಣಿಗಳಿಗೆ 90 ದಿನ ತಿನ್ನಿಸಿ ನೋಡಬೇಕು, ಅದಕ್ಕೂ ಮೇಲಾದರೆ ದೊಡ್ಡ ಕಡತವೇ ಬೇಕು. ಈ ಮೆಟ್ಟಿಲು ನನಗೆ ಇಷ್ಟವಾಯಿತು. ಪೂರ್ತಿ ನ್ಯಾಯ ಅಂತಲ್ಲ, ಆದರೆ ‘ಎಂತ ಆಗುದಿಲ್ಲ’ಕ್ಕಿಂತ ಲೇಸು.

ಅಂದ ಹಾಗೆ ಬಾಟಲಿಯ ಅಡಿಯ ತ್ರಿಕೋನದ ಒಳಗಿನ ನಂಬರ್ ನೋಡಿ "5 ಇದ್ದರೆ ಸೇಫ್, 7 ಇದ್ದರೆ ಡೇಂಜರ್" ಅಂತ ಹೇಳಿಕೊಂಡು ತಿರುಗುವವರಿಗೆ ಒಂದು ಮಾತು. ಅದು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಗುಜರಿಯಲ್ಲಿ ಬೇರ್ಪಡಿಸುವುದಕ್ಕೆ ಸುಲಭ ಆಗಲಿ ಅಂತ ಮಾಡಿದ ಗುರುತು. ಸುರಕ್ಷತೆಗೂ ಅದಕ್ಕೂ ಸಂಬಂಧವಿಲ್ಲ. ಅದೇ 5ನೇ ನಂಬರಿನ ಪಾಲಿಪ್ರೊಪಿಲೀನಿನಿಂದ ಆಹಾರಕ್ಕೆ ಸಂಬಂಧವೇ ಇಲ್ಲದ ಸಾಮಾನೂ ಮಾಡಬಹುದು, ಮಗುವಿನ ಬಾಟಲಿಯೂ ಮಾಡಬಹುದು.

ಮಗುವಿನ ಬಾಟಲಿ ಅಂದ ಕೂಡಲೇ ಅಕ್ಕನ ಮನೆ. ಅಕ್ಕನಿಗೆ ಐದು ತಿಂಗಳ ಮಗಳು. ನಾನು ಹೋದಾಗ ಭಾವ ಹೊಸ ಬಾಟಲಿ ತಂದು "ನೋಡು, ಬಿಪಿಎ ಫ್ರೀ!" ಅಂತ ಹೆಮ್ಮೆಯಿಂದ ತೋರಿಸಿದರು. ನಾನು ಅವರ ಖುಷಿಗೆ ನೀರೆರಚಿದೆ ಅಂತ ಅಕ್ಕನಿಗೆ ಇನ್ನೂ ಕೋಪ. ಏನು ಹೇಳಿದ್ದೆ ಅಂದರೆ, 2015ರಲ್ಲೇ ನಮ್ಮ ಬಿಐಎಸ್ ಮಕ್ಕಳ ಬಾಟಲಿಯ ಮಾನದಂಡದಿಂದ ಪಾಲಿಕಾರ್ಬೊನೇಟನ್ನು ಹೊರಗಿಟ್ಟಿದೆ, ಹಾಗಾಗಿ ‘ಬಿಪಿಎ ಫ್ರೀ’ ಅನ್ನುವುದು ಈಗ ತೆಂಗಿನೆಣ್ಣೆಯ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಅಂತ ಬರೆದ ಹಾಗೆ. ಇಲ್ಲದಿರುವುದು ಅದರ ಹೆಚ್ಚುಗಾರಿಕೆ ಅಲ್ಲ. ಅದರ ಜಾಗಕ್ಕೆ ಏನು ಬಂತು ಅನ್ನುವುದು ಪ್ರಶ್ನೆ. ಬೇರೆ ಕಡೆ ಬಿಪಿಎ ತೆಗೆದು ಅದರ ಚಿಕ್ಕಪ್ಪನ ಮಗ ಬಿಪಿಎಸ್ ಹಾಕಿದವರೂ ಇದ್ದಾರೆ. ಯುರೋಪ್ 2024ರ ಡಿಸೆಂಬರಿನಲ್ಲಿ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಪಿಎ ನಿಷೇಧಿಸಿದಾಗ ಅದರ ಅಪಾಯಕಾರಿ ದಾಯಾದಿಗಳನ್ನೂ ಸೇರಿಸಿದ್ದು ಅದಕ್ಕೇ.

ಬಿಪಿಎಯ ಸಂಖ್ಯೆಗಳ ಕಥೆ ಓದಿದರೆ ತಲೆ ತಿರುಗುತ್ತದೆ. ಯುರೋಪಿನ ಇಎಫ್‌ಎಸ್‌ಎ 2006ರಲ್ಲಿ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 50 ಮೈಕ್ರೋಗ್ರಾಂ ತನಕ ಪರವಾಗಿಲ್ಲ ಅಂದಿತು. 2015ರಲ್ಲಿ 4 ಅಂದಿತು. 2023ರಲ್ಲಿ 0.2 ನ್ಯಾನೋಗ್ರಾಂ! 17 ವರ್ಷದಲ್ಲಿ ಎರಡೂವರೆ ಲಕ್ಷ ಪಟ್ಟು ಕಡಿಮೆ. ಅದೇ ವರ್ಷ ಜರ್ಮನಿಯ ಬಿಎಫ್‌ಆರ್ ಅದೇ ಅಧ್ಯಯನಗಳನ್ನು ನೋಡಿ "ಅಷ್ಟೆಲ್ಲ ಬೇಡ, 200 ನ್ಯಾನೋಗ್ರಾಂ" ಅಂದಿತು. ಒಬ್ಬರಿಗಿಂತ ಒಬ್ಬರದ್ದು ಸಾವಿರ ಪಟ್ಟು ವ್ಯತ್ಯಾಸ. ಹಾಗಂತ "ವಿಜ್ಞಾನಿಗಳಿಗೇ ಗೊತ್ತಿಲ್ಲ, ಬಿಡಿ" ಅಂತ ಕೈಕೊಡವುವವರ ಗುಂಪಿಗೆ ನಾನು ಸೇರುವುದಿಲ್ಲ. ಅವರು ತಮ್ಮ ಲೆಕ್ಕವನ್ನು ಎಲ್ಲರೆದುರು ಇಟ್ಟು ಜಗಳ ಮಾಡಿದರು. ಇಲಿಯ ರೋಗನಿರೋಧಕ ಕಣಗಳ ಮೇಲಾದ ಸಣ್ಣ ಬದಲಾವಣೆಯನ್ನು ತೊಂದರೆ ಅಂತ ಲೆಕ್ಕ ಹಿಡಿಯಬೇಕೋ ಬೇಡವೋ ಅನ್ನುವುದು ಅವರ ಜಗಳದ ಬೇರು. ನಮ್ಮಲ್ಲಿ ಜಗಳ ಮಾಡುವುದಕ್ಕೆ ಸಂಖ್ಯೆಯೇ ಮೇಜಿನ ಮೇಲೆ ಇರುವುದಿಲ್ಲ.

ಇನ್ನೊಂದು. 60 ಕೆ.ಜಿ. ಮನುಷ್ಯ, 1 ಕೆ.ಜಿ. ಆಹಾರ ಅನ್ನುವ ಊಹೆ ಉಂಟಲ್ಲ, ಅದನ್ನು ಸೊಸೆಗೆ ಹಚ್ಚಿ ನೋಡಿ. 5 ಕೆ.ಜಿ. ತೂಕದ ಮಗು ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕುಡಿದರೆ ಅದರ ತೂಕಕ್ಕೆ ಹೋಲಿಸಿದಾಗ ದೊಡ್ಡವರ ಒಂಬತ್ತು ಪಟ್ಟು. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಪಾಲಿಪ್ರೊಪಿಲೀನ್ ಬಾಟಲಿಗೆ ಬಿಸಿನೀರು ಹಾಕಿ ಅಲ್ಲಾಡಿಸಿ ನೋಡಿದಾಗ ಲೀಟರಿಗೆ 1.6 ಕೋಟಿಯವರೆಗೆ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಬಿಸಿ ಹೆಚ್ಚಾದಷ್ಟೂ ಕಣ ಹೆಚ್ಚು. ಆ ಕಣಗಳಿಂದ ಮಗುವಿಗೆ ಏನಾಗುತ್ತದೆ ಅಂತ ಅಧ್ಯಯನ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನೀರು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಅಲ್ಲೇ ಪುಡಿ ಕಲಸಿ, ಆರಿದ ಮೇಲೆ ಬಾಟಲಿಗೆ ಹಾಕಿ ಅಂದೆ. ಅದಕ್ಕೆ ಯಾವ ಪಿಎಚ್‌ಡಿಯೂ ಬೇಡ. ಅಕ್ಕ "ನಿನಗೆ ಮಕ್ಕಳಾಗ್ಲಿ, ಆಗ ನೋಡುವ" ಅಂದಳು :-) ಆದರೆ ಈಗ ಹಾಗೇ ಮಾಡುತ್ತಾಳೆ.

ಇಷ್ಟು ಹೊತ್ತು ಪ್ಲಾಸ್ಟಿಕ್ಕಿಗೆ ಬೈದದ್ದಕ್ಕೆ ನಿಮ್ಮಲ್ಲಿ ಅರ್ಧ ಜನ "ಅದಕ್ಕೇ ನಾವು ಹಾಳೆತಟ್ಟೆ ಬಳಸಬೇಕು" ಅಂತ ಕಾಮೆಂಟು ಟೈಪ್ ಮಾಡುವುದಕ್ಕೆ ಶುರು ಮಾಡಿರುತ್ತೀರಿ. ತಡೀರಿ.

ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಮಾವ (ಅಮ್ಮನ ಅಣ್ಣ) ಹಾಳೆತಟ್ಟೆ ಮಾಡುತ್ತಾರೆ. ಮನೆ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಅಚ್ಚಿನ ಒಂದು ಮಷೀನು. ಅಕ್ಕಪಕ್ಕದ ತೋಟದಿಂದ ಬಿದ್ದ ಅಡಿಕೆ ಹಾಳೆ ತಂದು, ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುವುದು. ಅತ್ತೆ ಮತ್ತು ಊರಿನ ಇಬ್ಬರು ಹೆಂಗಸರು ಕೆಲಸಕ್ಕೆ. ಒಬ್ಬ ರಫ್ತುದಾರರ ಮೂಲಕ ಅಮೆರಿಕಕ್ಕೆ ಹೋಗುತ್ತಿತ್ತು. ಊರಲ್ಲಿ ಒಂದೂವರೆ ಎರಡು ರೂಪಾಯಿಗೆ ಚೌಕಾಸಿ ಮಾಡುವ ತಟ್ಟೆಗೆ ಅಲ್ಲಿ ಒಳ್ಳೆ ರೇಟು.

2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ, ಅಡಿಕೆ ಹಾಳೆಯಿಂದ ಮಾಡಿದ ತಟ್ಟೆ-ಬಟ್ಟಲುಗಳನ್ನು ಆಹಾರಕ್ಕೆ ಬಳಸುವಂತೆ ಮಾರಬಾರದು ಅಂತ ತಯಾರಕರಿಗೂ ಅಂಗಡಿಯವರಿಗೂ ಪತ್ರ ಬರೆಯಿತು. ಕಾರಣ: ಅಡಿಕೆಯಲ್ಲಿರುವಂಥ ಆಲ್ಕಲಾಯ್ಡುಗಳು ಹಾಳೆಯಿಂದ ಊಟಕ್ಕೆ ಇಳಿಯಬಹುದು, ಅದು ಸುರಕ್ಷಿತ ಅಂತ ತೋರಿಸುವ ಆಧಾರ ಇಲ್ಲ. ಮಾವನ ಆರ್ಡರು ನಿಂತಿತು. ರಫ್ತುದಾರರು ಮೊದಲು "ಸ್ವಲ್ಪ ದಿನ" ಅಂದರು, ಆಮೇಲೆ ಫೋನೇ ಎತ್ತಲಿಲ್ಲ. ಶೆಡ್ಡಿನಲ್ಲಿ ಕಟ್ಟು ಕಟ್ಟು ತಟ್ಟೆ ಮಳೆಗಾಲದ ತೇವಕ್ಕೆ ಬೂಸಲು ಹಿಡಿಯಿತು.

"ಇದು ಅಮೆರಿಕದವರ ಕುತಂತ್ರ ಮಾರಾಯ," ಮಾವ ಹೇಳಿದರು (ತುಳುವಿನಲ್ಲಿ ಹೇಳಿದ್ದು, ಕನ್ನಡಕ್ಕೆ ತಂದಿದ್ದೇನೆ). "ಅವರ ಪ್ಲಾಸ್ಟಿಕ್ ಕಂಪೆನಿ ಉಳಿಯಬೇಕಲ್ಲ. ನಿನ್ನನ್ನು ಹುಟ್ಟಿದಾಗ ಹಾಳೆಯಲ್ಲೇ ಮಲಗಿಸಿ ಮೀಯಿಸಿದ್ದು. ನಿನಗೆ ಎಂತ ಆಗಿದೆ?"

ನೋಡಿ, ಅದೇ! "ಎಂತ ಆಗುದಿಲ್ಲ." ಮೂಡುಬಿದಿರೆಯ ಹೋಟೆಲಿನವರ ಮಾತೇ ನಮ್ಮ ಮನೆಯೊಳಗೂ.

ನಾನೂ ಮೊದಲು ಆ ಕುತಂತ್ರದ ಫಾರ್ವರ್ಡನ್ನು ನಾಲ್ಕು ಜನರಿಗೆ ಕಳಿಸಿದವನೇ, ಸುಳ್ಳು ಹೇಳುವುದಿಲ್ಲ. ಹಾಳೆಯಲ್ಲಿ ಕೂತು ಗುಡ್ಡದಿಂದ ಎಳೆಸಿಕೊಂಡವ, ಮುಟ್ಟಾಳೆ ಹಾಕಿಕೊಂಡ ಅಜ್ಜನ ಹೆಗಲೇರಿದವ, ಅಡಿಕೆ ದುಡ್ಡಿನಲ್ಲೇ ಇಂಜಿನಿಯರಿಂಗ್ ಓದಿದವ. ಸಿಟ್ಟು ಬರದೇ ಇರುತ್ತದಾ? ಆಮೇಲೆ ಮಾವನ ಹತ್ತಿರ "ನಿಮ್ಮಲ್ಲಿ ಟೆಸ್ಟ್ ರಿಪೋರ್ಟ್ ಉಂಟಾ?" ಅಂತ ಕೇಳಿದೆ. ಹೆಮ್ಮೆಯಿಂದ ಪ್ಲಾಸ್ಟಿಕ್ ಫೈಲಿನಿಂದ (ಹೌದು!) ಒಂದು ಹಾಳೆ ತೆಗೆದು ಕೊಟ್ಟರು. ಹೊರಗಿನ ಯಾವುದೋ ಲ್ಯಾಬಿನದ್ದು, ರಫ್ತುದಾರರು ಮಾಡಿಸಿದ್ದು. ಒಟ್ಟು ಇಳಿಕೆ - ಮಿತಿಯೊಳಗೆ. ಬಣ್ಣ - ಇಲ್ಲ. ಸೂಕ್ಷ್ಮಾಣು - ಇಲ್ಲ. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ‘ಫುಡ್ ಗ್ರೇಡ್’. ಅರೆಕೊಲಿನ್ ಅನ್ನುವ ಸಾಲೇ ಅದರಲ್ಲಿ ಇರಲಿಲ್ಲ.

ಅಂದರೆ ಪ್ಲಾಸ್ಟಿಕ್ಕಿಗೆ ಕೇಳುವ ಪ್ರಶ್ನೆಯನ್ನೇ ಹಾಳೆಗೆ ಕೇಳಿ, ಪ್ಲಾಸ್ಟಿಕ್ಕಿನ ಉತ್ತರವನ್ನೇ ಬರೆದುಕೊಟ್ಟಿದ್ದಾರೆ. ಅಡಿಕೆ ಮರದ ವಸ್ತುವಿಗೆ ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಕೇಳಿಲ್ಲ. ಡಬ್ಲ್ಯುಎಚ್‌ಒದ ಐಎಆರ್‌ಸಿ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಮಗದು ಇಷ್ಟವಾಗಲಿ ಬಿಡಲಿ, ಜಗತ್ತಿನ ಯಾವ ಅಧಿಕಾರಿಯೂ ಅಡಿಕೆ ಮರದಿಂದ ಬಂದ ತಟ್ಟೆ ನೋಡಿದಾಗ ಅದನ್ನೇ ಮೊದಲು ಕೇಳುತ್ತಾನೆ. ಅರೆಕೊಲಿನ್ ನೀರಿನಲ್ಲಿ ಕರಗುವಂಥದ್ದು, ಹುಳಿ ಇದ್ದರೆ ಇನ್ನೂ ಸಲೀಸು. ಬಿಸಿ ಅನ್ನಕ್ಕೆ ಹುಣಸೆಹುಳಿಯ ಸಾರು ಸುರಿದ ತಟ್ಟೆ ಅಂದರೆ ಅದಕ್ಕೆ ಹೇಳಿ ಮಾಡಿಸಿದ ಏರ್ಪಾಡು. ಎಷ್ಟು ಇಳಿಯುತ್ತದೆ? ಬಹಳ ಕಡಿಮೆ ಇರಬಹುದು. ನೆನೆಸಿ ತೊಳೆದಾಗಲೇ ಮುಕ್ಕಾಲು ಪಾಲು ಹೋಗಬಹುದು, ಒತ್ತುವ ಬಿಸಿಗೆ ಇನ್ನಷ್ಟು ಹೋಗಬಹುದು. ಹಾಗಿದ್ದರೆ ಅದನ್ನು ಅಳೆದು ತೋರಿಸಿದರೆ ಮಾವನದ್ದೇ ಗೆಲುವು. ಅಳೆಯದೆ "ಅಜ್ಜನ ಕಾಲದಿಂದ" ಅಂದರೆ ಎಲ್ಲಿ ಕೇಳ್ತಾರೆ?

ಇನ್ನೊಂದು ವಿಷಯ ಮಾವನ ತೋಟದಲ್ಲೇ ಹೊಳೆದದ್ದು. ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ಮದ್ದು ಬಿಡುತ್ತೇವಲ್ಲ, ಮೈಲುತುತ್ತು ಅಂದರೆ ತಾಮ್ರ. ಗೊನೆಗೆ ಬಿಟ್ಟ ಮದ್ದು ಕೆಳಗೆ ಇಳಿದು ಹಾಳೆಯ ಮೇಲೆ ನೀಲಿ ಕಲೆ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಪ್ಲಾಸ್ಟಿಕ್ಕಿಗಾದರೆ ತಾಮ್ರಕ್ಕೆ 5 ಮಿಲಿಗ್ರಾಮಿನ ಮಿತಿ. ಹಾಳೆಗೆ ಯಾರು ನೋಡಿದ್ದಾರೆ? ಮಾವನ ರಿಪೋರ್ಟಿನಲ್ಲಿ ಆ ಸಾಲೂ ಇಲ್ಲ.

ಅಮೆರಿಕದವರು ಸಾಚಾಗಳು ಅಂತ ನಾನು ಹೇಳುತ್ತಿಲ್ಲ ಮತ್ತೆ. ಅಲ್ಲಿ ಕಂಪೆನಿಗಳು ತಮ್ಮ ಪದಾರ್ಥ ಸುರಕ್ಷಿತ ಅಂತ ತಾವೇ ತೀರ್ಮಾನಿಸಿಕೊಂಡು, ಎಫ್‌ಡಿಎಗೆ ಹೇಳದೆಯೂ ಮಾರಬಹುದಾದ ಒಂದು ಹಿಂಬಾಗಿಲು ಉಂಟು. ದೊಡ್ಡ ಕಂಪೆನಿಗೆ ವಕೀಲರೂ ವಿಜ್ಞಾನಿಗಳೂ ಇದ್ದಾರೆ, ಆ ಬಾಗಿಲಿನಲ್ಲಿ ಆರಾಮಾಗಿ ಓಡಾಡುತ್ತಾರೆ. ಬೆಳ್ತಂಗಡಿಯ ಶೆಡ್ಡಿನವರಿಗೆ ಅದೂ ಇಲ್ಲ, ಮುಂಬಾಗಿಲೂ ಇಲ್ಲ. ಅನ್ಯಾಯ ಹೌದು. ಆದರೆ ಅನ್ಯಾಯಕ್ಕೆ ಉತ್ತರ ಬೈಗುಳ ಅಲ್ಲ, ಕಡತ. ಅಡಿಕೆ ಸಂಶೋಧನೆಗೆ ಅಂತಲೇ ಕಾಸರಗೋಡಿನ ಸಿಪಿಸಿಆರ್‌ಐ ಉಂಟು, ಅದರ ಪ್ರಾದೇಶಿಕ ಕೇಂದ್ರ ನಮ್ಮ ಬಂಟ್ವಾಳ ತಾಲೂಕಿನ ವಿಟ್ಲದಲ್ಲೇ ಉಂಟು. ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ 1950ರಿಂದ ಉಂಟು. ಹಾಳೆ ಎಲ್ಲಿಯದು, ತೊಳೆದದ್ದೆಷ್ಟು, ಒತ್ತಿದ ಬಿಸಿ ಎಷ್ಟು, ಬಿಸಿ ಹುಳಿನೀರಿಗೆ ಅರ್ಧ ಗಂಟೆಯಲ್ಲಿ ಇಳಿದ ಅರೆಕೊಲಿನ್ ಎಷ್ಟು, ತಾಮ್ರ ಎಷ್ಟು - ಈ ಐದು ಕಾಲಮ್ಮಿನ ಒಂದು ಟೇಬಲ್ಲು, ಹತ್ತು ಊರಿನ ಹಾಳೆಗೆ. ಸಭೆಗಳಲ್ಲಿ "ಅಡಿಕೆಗೆ ಮಾನ ಉಳಿಸಿ" ಅಂತ ಭಾಷಣ ಮಾಡುವವರು ಆ ಟೇಬಲ್ಲನ್ನು ಕೇಳಲಿ. ವರದಿ ಕೆಟ್ಟದ್ದು ಬಂದರೆ? ಬರಲಿ. ಆಗ ನಾಲ್ಕು ಸಲ ನೆನೆಸಿ ನೋಡುವ, ಒಣ ತಿಂಡಿಗೆ ಮಾತ್ರ ಅಂತ ಬರೆದು ಮಾರುವ. ಸುಳ್ಳು ಸರ್ಟಿಫಿಕೇಟಿನ ಮೇಲೆ ನಿಂತ ವ್ಯಾಪಾರ ಒಂದು ಪತ್ರಕ್ಕೆ ಬಿದ್ದುಹೋಗುತ್ತದೆ ಅಂತ ನೋಡಿ ಆಯಿತಲ್ಲ.

ಇಲ್ಲಿಗೆ "ಪ್ಲಾಸ್ಟಿಕ್ ಕವರೂ ಬೇಡ, ಹಾಳೆತಟ್ಟೆಯೂ ಬೇಡ, ನೀನು ತಿನ್ನುವುದೆಲ್ಲಿ?" ಅಂತ ಕೇಳುವವರಿಗೆ. ಎರಡೂ ಒಂದೇ ಅಂತ ನಾನು ಹೇಳಲಿಲ್ಲ. ಹಾಳೆತಟ್ಟೆಯಲ್ಲಿ ನಾನು ತಿಂಗಳಿಗೊಮ್ಮೆ ಮದುವೆ ಊಟ ಮಾಡುತ್ತೇನೆ, ಮುಂದೆಯೂ ಮಾಡುತ್ತೇನೆ. ಆ ಕಟ್ಟಡದ ಕೆಲಸದವರು ದಿನಕ್ಕೆ ಎರಡು ಸಲ, ವರ್ಷಕ್ಕೆ ಮುನ್ನೂರು ದಿನ ಕವರಿನ ಚಾ ಕುಡಿಯುತ್ತಾರೆ. ಅದನ್ನು ಸುರಿದುಕೊಳ್ಳುವ ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪದರ. 2020ರಲ್ಲಿ ಖರಗ್‌ಪುರ ಐಐಟಿಯವರು 100 ಮಿಲೀ ಬಿಸಿನೀರನ್ನು 15 ನಿಮಿಷ ಅಂಥ ಕಪ್ಪಿನಲ್ಲಿ ಇಟ್ಟಾಗ ಸುಮಾರು 25,000 ಕಣ ಎಣಿಸಿದ್ದರು. ಎಷ್ಟು ಸಲ, ಎಷ್ಟು ಬಿಸಿ, ಯಾರಿಗೆ - ಇದನ್ನು ಬಿಟ್ಟು ‘ಒಳ್ಳೆಯದು-ಕೆಟ್ಟದ್ದು’ ಅಂತ ಎರಡೇ ಡಬ್ಬಿ ಇಟ್ಟುಕೊಂಡರೆ ಸೋಲುವುದು ಅಂಥವರೇ. ಹಸಿರು ಬಣ್ಣ ಮುದ್ರಿಸಿ ಮೇಲೆ ಪ್ಲಾಸ್ಟಿಕ್ ಹಚ್ಚಿದ ‘ಕಾಗದದ ಬಾಳೆಲೆ’ಯ ಮೇಲೆ ಬಿಸಿ ಅನ್ನ ಬಡಿಸಿ "ನಮ್ಮ ಸಂಪ್ರದಾಯ" ಅನ್ನುವ ಕೇಟರಿಂಗಿನವರ ಬಗ್ಗೆ ಬೇರೆಯೇ ಪೋಸ್ಟ್ ಬರೆಯಬೇಕು, ಅಷ್ಟು ಸಿಟ್ಟು ಉಂಟು.

ಹೋಟೆಲಿನವರ ಕಷ್ಟವೂ ಗೊತ್ತು. ಪಾರ್ಸೆಲ್ ಕೊಡದಿದ್ದರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಆದರೆ ಬಿ.ಸಿ. ರೋಡಿನಿಂದ ಬಂಟ್ವಾಳ ಪೇಟೆಗೆ ಅಪ್ಪ ತೂಕುಪಾತ್ರೆ ಹಿಡಿದು ಸಾಂಬಾರು ತರುತ್ತಿದ್ದದ್ದು ನನಗೇ ನೆನಪುಂಟು, ನನಗೇನು ನೂರು ವರ್ಷ ಆಗಿಲ್ಲ. ಪಾತ್ರೆ ತಂದವನಿಗೆ ಎರಡು ರೂಪಾಯಿ ಕಡಿಮೆ ಮಾಡಲಿ, ನೋಡುವ. ಅಷ್ಟೂ ಆಗದಿದ್ದರೆ ಕನಿಷ್ಠ ಕವರು ಕೊಡುವವನ ಹತ್ತಿರ ಒಂದು ಪ್ರಶ್ನೆ ಕೇಳಲಿ: "ಎಷ್ಟು ಡಿಗ್ರಿಗೆ ಟೆಸ್ಟ್ ಮಾಡಿದ್ದು?"

ನಾನು ಅದನ್ನು ವಾಪಸು ಹೋಗುವಾಗ ಆ ಮೂಡುಬಿದಿರೆ ಹೋಟೆಲಿನಲ್ಲಿ ಕೇಳಿಯೂ ಕೇಳಿದೆ. ಯಜಮಾನರು ಈ ಸಲ ತಲೆ ಎತ್ತಿ ನೋಡಿದರು. "ನೀವು ಯಾವ ಆಫೀಸಿನವರು?" ಅಂದರು. ಯಾವ ಆಫೀಸೂ ಅಲ್ಲ ಅಂದೆ. "ಮತ್ತೆ ಯಾಕೆ ಬೇಕು ನಿಮಗೆ?" ಅಂತ ಮತ್ತೆ ಚಿಲ್ಲರೆಗೆ ಇಳಿದರು.

ಮಾವ ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ. ರಿಪೋರ್ಟು ಸುಳ್ಳು ಅಂದದ್ದಕ್ಕಲ್ಲ, ಅತ್ತೆಯ ಎದುರು ಅಂದದ್ದಕ್ಕೆ. ಮೊನ್ನೆ ಭಾನುವಾರ ಅವರೇ ಫೋನ್ ಮಾಡಿದರು. ಮಳೆ, ಕೊಳೆರೋಗ, ಅಡಿಕೆ ರೇಟು ಎಲ್ಲ ಆಯಿತು. ಇಡುವ ಮೊದಲು ಕೇಳಿದರು: "ಅದು ಎಂತದೋ ಅರೆಕೊಲಿನ್ ಹೇಳಿದೆಯಲ್ಲ, ಅದರ ಟೆಸ್ಟಿಗೆ ಎಷ್ಟು ತಟ್ಟೆ ಕಳಿಸ್ಬೇಕಾಗ್ತದೆ? ತೊಳೆದದ್ದಾ, ತೊಳೆಯದ್ದಾ?"

ಎರಡೂ ಕಳಿಸಿ ಮಾವ ಅಂದಿದ್ದೇನೆ.